ಚಳಿಗಾಲದ ಮುಂಜಾವು ಮತ್ತು ಹಳೆಯ ಕಂಪ್ರೆಸರ್: ದೋಷ ಥಂಡಿಯದೋ, ನಿರ್ವಹಣೆಯದೋ?

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುವ ಹೊತ್ತಿಗೆ ನಮ್ಮ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಎರಡು ಸಂಗತಿಗಳು ಏಕಕಾಲಕ್ಕೆ ನಡೆಯುತ್ತವೆ. ಒಂದು, ಕಬ್ಬು ನುರಿಸುವ ಹಂಗಾಮು ಭರದಿಂದ ಸಾಗಿರುತ್ತದೆ. ಎರಡು, ಮುಂಜಾನೆಯ ಥಂಡಿ ದಿನೇ ದಿನೇ ಏರುತ್ತದೆ. ಸೂರ್ಯೋದಯಕ್ಕೆ ಮೊದಲೇ ಟ್ರ್ಯಾಕ್ಟರುಗಳೂ ಟ್ರೇಲರುಗಳೂ ಗಾಳಿ ತುಂಬಿಸಲು, ಪಂಚರು ತೆಗೆಸಲು ವರ್ಕ್‌ಶಾಪುಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ವರ್ಷದ ವ್ಯಾಪಾರದ ಬಹುಪಾಲು ನಡೆಯುವ ಇದೇ ದಿನಗಳಲ್ಲಿ ಹಳೆಯ ಏರ್ ಕಂಪ್ರೆಸರ್ ಮುಷ್ಕರ ಹೂಡುತ್ತದೆ. ಮೋಟಾರು ಗುಂಯ್‌ಗುಟ್ಟುತ್ತದೆ, ಬೆಲ್ಟು ಕಿರುಚುತ್ತದೆ, ಸ್ಟಾರ್ಟರ್ ಟ್ರಿಪ್ ಆಗುತ್ತದೆ; ಯಂತ್ರ ಮಾತ್ರ ಏಳುವುದಿಲ್ಲ.

ಈ ಲೇಖಕನು ಇಂಜಿನಿಯರನಲ್ಲ. ವಾಣಿಜ್ಯ ಪದವೀಧರ, ಲೆಕ್ಕ ಪರಿಶೋಧಕ. ಆದರೂ ಈ ವಿಷಯವನ್ನು ಕುರಿತು ಬರೆಯಲು ಕಾರಣವಿದೆ. ಈ ಸಮಸ್ಯೆಯು ನನಗೆ ಮೊದಲು ಕಂಡದ್ದು ಯಂತ್ರದ ಬಳಿಯಲ್ಲಿ ಅಲ್ಲ, ವೋಚರುಗಳಲ್ಲಿ.

ವೋಚರುಗಳು ಹೇಳಿದ ಕಥೆ

ಕೆಲವು ವರ್ಷಗಳ ಹಿಂದೆ ಮೂಡಲಗಿ ಭಾಗದ ಒಬ್ಬ ವರ್ಕ್‌ಶಾಪ್ ಮಾಲೀಕರು ಹೊಸ ಕಂಪ್ರೆಸರ್ ಖರೀದಿಗಾಗಿ ಬ್ಯಾಂಕ್ ಸಾಲದ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವಂತೆ ನನ್ನ ಕಚೇರಿಗೆ ಬಂದರು. ಹಿಂದಿನ ಮೂರು ವರ್ಷಗಳ ದುರಸ್ತಿ ಖಾತೆಯನ್ನು ತೆಗೆದು ನೋಡಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೋಟಾರು ರಿವೈಂಡಿಂಗಿನ ಬಿಲ್ಲುಗಳು ಮೂರೂ ವರ್ಷ ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಇದ್ದವು. ಉಳಿದ ಹತ್ತು ತಿಂಗಳು ಆ ಖಾತೆಯಲ್ಲಿ ಒಂದು ಪೈಸೆಯೂ ಇರಲಿಲ್ಲ. ಕಂಪ್ರೆಸರ್ ಆಯಿಲ್ ಖರೀದಿಯ ವೋಚರು ಮೂರು ವರ್ಷಗಳಲ್ಲಿ ಒಂದೂ ಇರಲಿಲ್ಲ.

ಕಾರಣ ಕೇಳಿದಾಗ ಅವರು ಸರಳವಾಗಿ ಹೇಳಿದರು: “ಥಂಡಿ ಬಿತ್ತಂದ್ರ ಮಷೀನ್ ಏಳೂದಿಲ್ರಿ ಸಾಹೇಬ್ರ, ಹಳೇದಾಗೇತಿ.”

ಸಾಲದ ಅರ್ಜಿಗೆ ಸಹಿ ಬೀಳುವ ಮೊದಲು ಒಬ್ಬ ಅನುಭವಿ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬೆಳಿಗ್ಗೆ ಏಳು ಗಂಟೆಗೆ ಯಂತ್ರವನ್ನು ನೋಡೋಣವೆಂದು ಸೂಚಿಸಿದೆ. ಅಂದು ಒಂದು ತಾಸಿನಲ್ಲಿ ಕಂಡುಬಂದದ್ದು ಇಷ್ಟು: ಆಯಿಲು ಕಪ್ಪಗಾಗಿ ಕಾಕಂಬಿಯಂತೆ ಗಟ್ಟಿಯಾಗಿತ್ತು, ಪ್ರೆಶರ್ ಸ್ವಿಚ್ಚಿಗೆ ಹೋಗುವ ಸಣ್ಣ ನಳಿಗೆ ನಜ್ಜಾಗಿ ಮುಚ್ಚಿಕೊಂಡಿತ್ತು, ಮೀಟರ್ ಬೋರ್ಡಿನಿಂದ ಮೋಟಾರಿನವರೆಗಿನ ತಂತಿಯು ಉದ್ದಕ್ಕೆ ತಕ್ಕಷ್ಟು ದಪ್ಪವಿರಲಿಲ್ಲ. ಮೂರನ್ನೂ ಸರಿಪಡಿಸಲು ತಗುಲಿದ ವೆಚ್ಚ ಒಂದು ರಿವೈಂಡಿಂಗಿಗಿಂತ ಕಡಿಮೆ. ಮುಂದಿನ ಎರಡು ಚಳಿಗಾಲಗಳಲ್ಲಿ ಆ ಖಾತೆಯಲ್ಲಿ ರಿವೈಂಡಿಂಗ್ ಬಿಲ್ಲು ಬರಲಿಲ್ಲ. ಸಾಲದ ಅರ್ಜಿಯೂ ಹೋಗಲಿಲ್ಲ.

ಈ ಅನುಭವದಿಂದ ನಾನು ತಿಳಿದುಕೊಂಡದ್ದು ಒಂದೇ ಮಾತು. ನಮ್ಮ ಭಾಗದ ಥಂಡಿಯು ಕಂಪ್ರೆಸರನ್ನು ಕೆಡಿಸುವುದಿಲ್ಲ. ಅದರಲ್ಲಿ ಮೊದಲೇ ಇರುವ ದೋಷವನ್ನು ಬಯಲಿಗೆಳೆಯುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಅತಿ ಹೆಚ್ಚೆಂದರೆ ಬೆಳಗಿನ ಜಾವ 10ರಿಂದ 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸುಸ್ಥಿತಿಯಲ್ಲಿರುವ ಯಂತ್ರಕ್ಕೆ ಇದು ದೊಡ್ಡ ಥಂಡಿಯೇ ಅಲ್ಲ.

ಥಂಡಿಯಲ್ಲಿ ಯಂತ್ರವು ಏಕೆ ಭಾರವಾಗುತ್ತದೆ?

ನಾಲ್ಕು ಕಾರಣಗಳನ್ನು ಪ್ರತ್ಯೇಕವಾಗಿ ಅರಿತುಕೊಳ್ಳುವುದು ಅವಶ್ಯ.

ಮೊದಲನೆಯದು ಆಯಿಲು. ಕಂಪ್ರೆಸರುಗಳಲ್ಲಿ ಸಾಮಾನ್ಯವಾಗಿ ಬಳಸುವ 68 ಅಥವಾ 100 ದರ್ಜೆಯ ಆಯಿಲಿನ ಆ ಸಂಖ್ಯೆಯು 40 ಡಿಗ್ರಿ ತಾಪಮಾನದಲ್ಲಿ ಅದರ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಅದೇ 100 ದರ್ಜೆಯ ಖನಿಜ ತೈಲವು 12 ಡಿಗ್ರಿಯಲ್ಲಿ ಐದು ಪಟ್ಟಿಗೂ ಹೆಚ್ಚು ಗಟ್ಟಿಯಾಗಿರುತ್ತದೆ. ಹಳತಾಗಿ ಮಡ್ಡಿಗಟ್ಟಿದ ಆಯಿಲಾದರೆ ಇನ್ನೂ ಹೆಚ್ಚು. ಪಿಸ್ಟನ್ನು ಮತ್ತು ಬೇರಿಂಗುಗಳನ್ನು ಆ ಜಿಡ್ಡಿನಿಂದ ಬಿಡಿಸಿಕೊಂಡು ಮೊದಲ ಸುತ್ತು ತಿರುಗಿಸುವುದೇ ಮೋಟಾರಿಗೆ ಪ್ರಯಾಸವಾಗುತ್ತದೆ.

ಎರಡನೆಯದು ವೋಲ್ಟೇಜು. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದ ಕಾಲುವೆಗಳಿಂದಲೂ ಬಾವಿ-ಬೋರುಗಳಿಂದಲೂ ಹಸಿರಾಗಿರುವ ನಮ್ಮ ತಾಲೂಕುಗಳಲ್ಲಿ, ತ್ರೀಫೇಸ್ ವಿದ್ಯುತ್ ಬಂದ ಕೂಡಲೇ ಅಸಂಖ್ಯ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲನೆಗೊಳ್ಳುತ್ತವೆ. ಆಗ ಲೈನಿನ ತುದಿಯಲ್ಲಿರುವವರಿಗೆ ವೋಲ್ಟೇಜು ಕುಸಿಯುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮೋಟಾರಿನ ಎಳೆಯುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 415 ವೋಲ್ಟ್ ಇರಬೇಕಾದಲ್ಲಿ ಶೇ. 20ರಷ್ಟು ಇಳಿದು 332 ಆದರೆ, ಬಲವು ಶೇ. 20ರಷ್ಟು ಮಾತ್ರವಲ್ಲ, ಶೇ. 36ರಷ್ಟು ಇಳಿದು ಶೇ. 64ಕ್ಕೆ ಬರುತ್ತದೆ. ಒಂದು ಕಡೆ ಭಾರ ಹೆಚ್ಚು, ಇನ್ನೊಂದು ಕಡೆ ಬಲ ಕಡಿಮೆ.

ಮೂರನೆಯದು ಸಿಕ್ಕಿಬಿದ್ದ ಗಾಳಿ. ಕಂಪ್ರೆಸರ್ ನಿಂತಾಗ ಸಿಲಿಂಡರ್ ಹೆಡ್ಡಿನಿಂದ ಟ್ಯಾಂಕಿನವರೆಗಿನ ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಬಿಡಲು ಅನ್‌ಲೋಡರ್ ಎಂಬ ಸಣ್ಣ ವ್ಯವಸ್ಥೆ ಇರುತ್ತದೆ. ಯಂತ್ರ ನಿಂತ ಕೂಡಲೇ ಕೆಲವು ಕ್ಷಣ ಕೇಳಿಬರುವ ‘ಸುಸ್’ ಎಂಬ ಸದ್ದು ಅದರದೇ. ಟ್ಯಾಂಕಿನ ಗಾಳಿ ಹಿಂದಕ್ಕೆ ಬಾರದಂತೆ ತಡೆಯಲು ನಾನ್-ರಿಟರ್ನ್ ವಾಲ್ವು ಇರುತ್ತದೆ. ಇವೆರಡರಲ್ಲಿ ಒಂದು ಕೆಟ್ಟರೂ ಪಿಸ್ಟನ್ನು ಮೊದಲ ಸುತ್ತಿನಲ್ಲಿಯೇ ಪೂರ್ಣ ಒತ್ತಡದ ವಿರುದ್ಧ ಏಳಬೇಕಾಗುತ್ತದೆ.

ನಾಲ್ಕನೆಯದು ಸಣ್ಣ ಅಂಗಡಿಗಳ ಸಿಂಗಲ್ ಫೇಸ್ ಯಂತ್ರಗಳಿಗೆ ಸಂಬಂಧಿಸಿದ್ದು. ಅವುಗಳ ಸ್ಟಾರ್ಟಿಂಗ್ ಕೆಪಾಸಿಟರ್ ವಯಸ್ಸಾದಂತೆ ಶಕ್ತಿ ಕಳೆದುಕೊಳ್ಳುತ್ತದೆ. ತಂಪಿನಲ್ಲಿ ಇನ್ನಷ್ಟು ಕುಗ್ಗುತ್ತದೆ. ಬೇಸಿಗೆಯಲ್ಲಿ ಹೇಗೋ ಎಳೆದುಕೊಂಡು ಹೋಗುತ್ತಿದ್ದದ್ದು ಚಳಿಯಲ್ಲಿ ಕೈಕೊಡುತ್ತದೆ. ಇದರ ಬದಲಾವಣೆಗೆ ತಗಲುವ ಹಣ ಅತ್ಯಲ್ಪ.

ದೋಷ ಪತ್ತೆಗೆ ಎರಡು ಪರೀಕ್ಷೆಗಳು

ಹಣ ಖರ್ಚು ಮಾಡುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಬೇಕು: ಟ್ಯಾಂಕನ್ನು ಬರಿದು ಮಾಡಿ ನೋಡುವುದು ಮತ್ತು ಫ್ಲೈವೀಲನ್ನು ಕೈಯಿಂದ ತಿರುಗಿಸಿ ನೋಡುವುದು. ಆದರೆ ಅದಕ್ಕೂ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ ಫ್ಯೂಜುಗಳನ್ನು ಕಿತ್ತಿಡಬೇಕು. ಟ್ಯಾಂಕಿನ ಒತ್ತಡ ಇಳಿದಾಗ ಪ್ರೆಶರ್ ಸ್ವಿಚ್ ತಾನಾಗಿಯೇ ಮೋಟಾರನ್ನು ಚಾಲೂ ಮಾಡುತ್ತದೆ; ಆ ಕ್ಷಣದಲ್ಲಿ ಫ್ಲೈವೀಲಿನ ಮೇಲೆ ಇರುವ ಕೈಯ ಗತಿಯನ್ನು ವಿವರಿಸಬೇಕಾಗಿಲ್ಲ.

ಈ ಪರೀಕ್ಷೆಗಳಿಂದ ಬರುವ ನಿರ್ಣಯಗಳು ಹೀಗಿವೆ:

ಅ) ಟ್ಯಾಂಕು ಬರಿದಾಗಿದ್ದಾಗ ಯಂತ್ರ ಸಲೀಸಾಗಿ ಏಳುತ್ತದೆ, ಆದರೆ ತುಂಬಿ ನಿಂತ ಬಳಿಕ ಪುನಃ ಏಳುವುದಿಲ್ಲ ಎಂದಾದರೆ ದೋಷವು ಅನ್‌ಲೋಡರಿನದು ಅಥವಾ ನಾನ್-ರಿಟರ್ನ್ ವಾಲ್ವಿನದು. ನಿಂತಾಗ ‘ಸುಸ್’ ಸದ್ದು ಬಾರದಿದ್ದರೆ ಅನ್‌ಲೋಡರ್ ಅಥವಾ ಅದರ ನಳಿಗೆ ಕಟ್ಟಿದೆ. ಸದ್ದು ನಿಲ್ಲದೆ ಬರುತ್ತಲೇ ಇದ್ದರೆ ನಾನ್-ರಿಟರ್ನ್ ವಾಲ್ವು ಸೋರುತ್ತಿದೆ.

ಆ) ಟ್ಯಾಂಕು ಬರಿದಾಗಿದ್ದರೂ ಫ್ಲೈವೀಲು ಕೈಗೆ ಬಹಳ ಭಾರವಾಗಿದ್ದರೆ ದೋಷವು ಆಯಿಲಿನದು ಅಥವಾ ಬೇರಿಂಗು, ಪಿಸ್ಟನ್ನುಗಳದು. ಮೊದಲು ಆಯಿಲು ಬದಲಿಸಿ ನೋಡಬೇಕು.

ಇ) ಫ್ಲೈವೀಲು ಹಗುರವಾಗಿ ತಿರುಗುತ್ತದೆ, ಮೋಟಾರು ಮಾತ್ರ ಗುಂಯ್‌ಗುಟ್ಟುತ್ತದೆ ಎಂದಾದರೆ ದೋಷವು ವಿದ್ಯುತ್ತಿನದು. ಒಂದು ಫೇಸ್ ಹೋಗಿರಬಹುದು, ವೋಲ್ಟೇಜು ಇಳಿದಿರಬಹುದು, ಸ್ಟಾರ್ಟರಿನ ಕಾಂಟ್ಯಾಕ್ಟು ಸುಟ್ಟಿರಬಹುದು, ಸಿಂಗಲ್ ಫೇಸಾದರೆ ಕೆಪಾಸಿಟರ್ ಸೋತಿರಬಹುದು. ಇದನ್ನು ಎಲೆಕ್ಟ್ರೀಶಿಯನ್ನನೇ ನೋಡತಕ್ಕದ್ದು.

ಈ ಮೂರರಲ್ಲಿ ಯಾವುದೆಂಬುದು ತಿಳಿಯದೆ ಮೋಟಾರನ್ನು ಬಿಚ್ಚಿ ರಿವೈಂಡಿಂಗಿಗೆ ಕಳುಹಿಸುವುದು, ತಲೆನೋವಿನ ಕಾರಣ ತಿಳಿಯದೆ ಹಲ್ಲು ಕೀಳಿಸಿಕೊಂಡಂತೆ.

ಪ್ರತಿದಿನ ಮುಂಜಾನೆಯ ಕ್ರಮ

ಚಳಿಗಾಲದ ಮೂರು ತಿಂಗಳು ಕೆಳಗಿನ ಕ್ರಮವನ್ನು ಅನುಸರಿಸುವುದು ಹಿತಕರ. ಇದಕ್ಕೆ ಹತ್ತು ನಿಮಿಷಗಳಿಗಿಂತ ಹೆಚ್ಚು ಸಮಯ ಬೇಕಾಗದು.

1. ಹಿಂದಿನ ಸಂಜೆಯೇ ಮೇನ್ ಸ್ವಿಚ್ ತೆಗೆದು ಡ್ರೇನ್ ಕಾಕನ್ನು ನಿಧಾನವಾಗಿ ಬಿಚ್ಚಿ ಟ್ಯಾಂಕಿನ ನೀರನ್ನೂ ಗಾಳಿಯನ್ನೂ ಹೊರಬಿಡಬೇಕು. ಟ್ಯಾಂಕು ತಣ್ಣಗಾದಂತೆ ಒಳಗಿನ ತೇವವು ನೀರಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುವುದು ಈ ನೀರಿನಿಂದಲೇ.

2. ಬೆಳಿಗ್ಗೆ ಆಯಿಲ್ ಗ್ಲಾಸಿನಲ್ಲಿ ಮಟ್ಟ ಹಾಗೂ ಬಣ್ಣ ನೋಡಬೇಕು. ಹಾಲಿನಂತೆ ಬಿಳುಪಾಗಿದ್ದರೆ ನೀರು ಬೆರೆತಿದೆ, ಕಪ್ಪಾಗಿದ್ದರೆ ಆಯುಷ್ಯ ಮುಗಿದಿದೆ. ಎರಡೂ ಸಂದರ್ಭಗಳಲ್ಲಿ ಬದಲಿಸಬೇಕು.

3. ಮೇನ್ ಸ್ವಿಚ್ ಬಂದ್ ಇರುವುದನ್ನೂ ಫ್ಯೂಜುಗಳು ಹೊರಗಿರುವುದನ್ನೂ ಖಚಿತಪಡಿಸಿಕೊಂಡು ಫ್ಲೈವೀಲನ್ನು ಬಾಣದ ಗುರುತಿನ ದಿಕ್ಕಿನಲ್ಲಿ ಎರಡು-ಮೂರು ಸುತ್ತು ಕೈಯಿಂದ ತಿರುಗಿಸಬೇಕು.

4. ಬೆಲ್ಟುಗಳ ಬಿಗುವು ನೋಡಿ ಗಾರ್ಡನ್ನು ಮರಳಿ ಕೂಡಿಸಬೇಕು.

5. ಫ್ಯೂಜು ಹಾಕಿ, ಮೂರೂ ಫೇಸುಗಳ ವೋಲ್ಟೇಜನ್ನು ನೋಡಬೇಕು. ಬಹಳ ಕಡಿಮೆ ಇದ್ದರೆ ಸ್ವಲ್ಪ ಕಾಯುವುದೇ ಲೇಸು. ಅರ್ಧ ತಾಸು ಕಾಯುವ ನಷ್ಟ ಸುಟ್ಟ ಮೋಟಾರಿನ ನಷ್ಟಕ್ಕಿಂತ ಸಣ್ಣದು.

6. ಡ್ರೇನ್ ಕಾಕು ತೆರೆದಿರುವಾಗಲೇ ಯಂತ್ರವನ್ನು ಚಾಲೂ ಮಾಡಬೇಕು. ಮೂರರಿಂದ ಐದು ನಿಮಿಷ ಭಾರವಿಲ್ಲದೆ ಓಡಲಿ. ಆಯಿಲು ಬೆಚ್ಚಗಾಗಿ ಎಲ್ಲೆಡೆ ಹರಿಯುತ್ತದೆ.

7. ಫ್ಲೈವೀಲು ಬಾಣದ ದಿಕ್ಕಿನಲ್ಲಿಯೇ ತಿರುಗುತ್ತಿದೆಯೇ ಎಂದು ನೋಡಬೇಕು. ಲೈನ್ ದುರಸ್ತಿ ಅಥವಾ ರಿವೈಂಡಿಂಗಿನ ನಂತರ ಫೇಸು ಅದಲುಬದಲಾಗಿ ಉಲ್ಟಾ ತಿರುಗುವುದುಂಟು. ಆಗ ಫ್ಲೈವೀಲಿನ ಗಾಳಿ ಸಿಲಿಂಡರಿಗೆ ತಾಗದೆ ಯಂತ್ರ ಕಾಯುತ್ತದೆ.

8. ಅನಂತರ ಕಾಕನ್ನು ಮುಚ್ಚಿ ಒತ್ತಡ ಏರಲು ಬಿಡಬೇಕು.

ಮಾಡಬಾರದ ಕೆಲಸಗಳು

ಮೋಟಾರು ಎದ್ದೇಳದೆ ಗುಂಯ್‌ಗುಟ್ಟಿದರೆ ಎರಡು-ಮೂರು ಸೆಕೆಂಡುಗಳಲ್ಲಿ ಬಂದ್ ಮಾಡಬೇಕು. ನಿಂತಲ್ಲೇ ನಿಂತ ಮೋಟಾರು ಸಾಮಾನ್ಯ ಕರೆಂಟಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಕಾವು ಕರೆಂಟಿನ ವರ್ಗಕ್ಕೆ ಅನುಗುಣವಾದುದರಿಂದ ವೈಂಡಿಂಗಿನಲ್ಲಿ ಹುಟ್ಟುವ ಕಾವು 36 ಪಟ್ಟು. ಮತ್ತೆ ಮತ್ತೆ ಬಟನ್ ಒತ್ತುವುದೆಂದರೆ ರಿವೈಂಡಿಂಗ್ ಅಂಗಡಿಗೆ ಮುಂಗಡ ಕೊಟ್ಟಂತೆ. ಒಂದೆರಡು ಪ್ರಯತ್ನಗಳ ನಂತರ ಕಾಲು ತಾಸು ಆರಲು ಬಿಟ್ಟು ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಬೇಕು.

ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯ ಸೆಟ್ಟಿಂಗನ್ನು ಏರಿಸುವುದು, ಫ್ಯೂಜಿನಲ್ಲಿ ದಪ್ಪ ತಂತಿ ಕಟ್ಟುವುದು, ಇವು ಸಾಕ್ಷಿಯ ಬಾಯಿ ಮುಚ್ಚಿಸುವ ಕೃತ್ಯಗಳು. ಆಯಿಲು ತೆಳುವಾಗಲೆಂದು ಅದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆಸುವುದು ಇನ್ನೂ ಅಪಾಯಕರ. ಬಿಸಿಯಾದ ಒತ್ತಡದ ಗಾಳಿಯಲ್ಲಿ ಇಂಧನದ ಆವಿ ಸೇರಿದರೆ ಸ್ಫೋಟಕ್ಕೆ ದಾರಿಯಾಗುತ್ತದೆ. ಇದೇ ಕಾರಣದಿಂದ ಕೆಳಗೆ ಬೆಂಕಿ ಹಾಕಿ ಕಾಯಿಸುವುದೂ, ಡೀಸೆಲ್ ಎಂಜಿನಿಗೆ ಹೊಡೆಯುವ ಸ್ಟಾರ್ಟಿಂಗ್ ಸ್ಪ್ರೇಯನ್ನು ಗಾಳಿ ಎಳೆಯುವ ಬಾಯಿಗೆ ಹೊಡೆಯುವುದೂ ಸರ್ವಥಾ ಕೂಡದು. ಎಂಜಿನ್ ಆಯಿಲನ್ನು ಹಾಕದೆ ತಯಾರಕರು ಸೂಚಿಸಿದ ದರ್ಜೆಯ ಕಂಪ್ರೆಸರ್ ಆಯಿಲನ್ನೇ ಹಾಕಬೇಕು.

ಸೇಫ್ಟಿ ವಾಲ್ವು ಸೋರುತ್ತದೆಂದು ಅದಕ್ಕೆ ಬೂಚು ಜಡಿದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂತಹ ಟ್ಯಾಂಕಿನ ಬಳಿಯಲ್ಲಿ ಕೆಲಸಗಾರನನ್ನು ನಿಲ್ಲಿಸುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. ಹಳೆಯ ಟ್ಯಾಂಕಿನ ದಪ್ಪ ಹಾಗೂ ಒತ್ತಡ ತಾಳಿಕೆಯನ್ನು ಅರ್ಹ ವ್ಯಕ್ತಿಯಿಂದ ಕಾಲಕಾಲಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಬೇಕು. ಯಂತ್ರದ ಬೇರೆಲ್ಲ ಭಾಗಗಳನ್ನು ದುರಸ್ತಿ ಮಾಡಿಸಬಹುದು. ತುಕ್ಕು ತಿಂದು ತೆಳುವಾದ ಟ್ಯಾಂಕಿಗೆ ವೆಲ್ಡಿಂಗಿನ ತೇಪೆ ಹಚ್ಚುವುದು ದುರಸ್ತಿಯಲ್ಲ.

ಲೆಕ್ಕದ ದೃಷ್ಟಿಯಿಂದ

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಆಯಿಲು, ವಾಲ್ವು, ಬೆಲ್ಟು, ರಿವೈಂಡಿಂಗ್ ಇವು ರೆವಿನ್ಯೂ ಖರ್ಚುಗಳು; ಆ ವರ್ಷದ ಲಾಭದಿಂದಲೇ ಪೂರ್ತಿ ಕಳೆಯಲ್ಪಡುತ್ತವೆ. ಹೊಸ ಕಂಪ್ರೆಸರ್ ಬಂಡವಾಳ ವೆಚ್ಚ. ಅದರ ಮೇಲೆ ಸಾಮಾನ್ಯ ಯಂತ್ರೋಪಕರಣಗಳಿಗೆ ಅನ್ವಯಿಸುವ ಶೇ. 15ರ ಸವಕಳಿ ಮಾತ್ರ ದೊರೆಯುತ್ತದೆ. ಅದರಲ್ಲಿಯೂ ಆ ಲೆಕ್ಕಪತ್ರ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಆಸ್ತಿಗೆ ಮೊದಲ ವರ್ಷ ಅರ್ಧ ಸವಕಳಿ. ಅಕ್ಟೋಬರ್ ಮೊದಲ ವಾರ ದಾಟಿದ ಮೇಲೆ ಚಾಲೂ ಮಾಡಿದ ಯಂತ್ರ ಈ ನಿಯಮಕ್ಕೆ ಒಳಪಡುತ್ತದೆ. ಅರ್ಥಾತ್, ಥಂಡಿಗೆ ಬೇಸತ್ತು ಡಿಸೆಂಬರಿನಲ್ಲಿ 1,00,000 ರೂಪಾಯಿಯ ಕಂಪ್ರೆಸರ್ ಕೊಂಡವರಿಗೆ ಆ ವರ್ಷ 15,000ದ ಬದಲು 7,500 ರೂಪಾಯಿ ಸವಕಳಿ. ಕೊಳ್ಳಲೇಬೇಕಾದರೆ ಸೆಪ್ಟೆಂಬರ್ ಒಳಗೆ ಸಾವಧಾನವಾಗಿ ದರ ವಿಚಾರಿಸಿ ಕೊಳ್ಳುವುದು ಜಾಣತನ. ಜಿಎಸ್‌ಟಿ ನೋಂದಣಿ ಇರುವವರು ಬಿಡಿಭಾಗಗಳಿಗೂ ದುರಸ್ತಿಗೂ ಸರಿಯಾದ ತೆರಿಗೆ ಬಿಲ್ಲು ಪಡೆದರೆ ಇನ್‌ಪುಟ್ ತೆರಿಗೆ ಜಮೆ ಕೈತಪ್ಪುವುದಿಲ್ಲ.

ನಮ್ಮ ಸದಸ್ಯರಲ್ಲಿ ಅನೇಕರು ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಯೋಜನೆಯಲ್ಲಿದ್ದಾರೆ. ಅವರಿಗೆ ದುರಸ್ತಿಯಾಗಲಿ ಸವಕಳಿಯಾಗಲಿ ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಸುಟ್ಟ ಮೋಟಾರಿನ ಪ್ರತಿಯೊಂದು ರೂಪಾಯಿಯೂ ತೆರಿಗೆ ಕೊಟ್ಟು ಉಳಿದ ಹಣದಿಂದಲೇ ಹೋಗುತ್ತದೆ.

ಇನ್ನೊಂದು ಲೆಕ್ಕ. ರಿವೈಂಡಿಂಗಿಗೆ 5,000 ರೂಪಾಯಿ, ಹಂಗಾಮಿನಲ್ಲಿ ಎರಡು ದಿನ ಕೆಲಸ ನಿಂತದ್ದಕ್ಕೆ 5,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿವ್ವಳ ಲಾಭ ಶೇ. 10 ಇರುವ ವ್ಯವಹಾರದಲ್ಲಿ ಈ 10,000ವನ್ನು ಮರಳಿ ಗಳಿಸಲು 1,00,000 ರೂಪಾಯಿಯ ವಹಿವಾಟು ಮಾಡಬೇಕು. ಎರಡು ದಿನ ಬಾಗಿಲು ಮುಚ್ಚಿದ್ದನ್ನು ಕಂಡು ಬೇರೆಡೆಗೆ ಹೋದ ಗಿರಾಕಿಯ ಬೆಲೆ ಈ ಲೆಕ್ಕದಲ್ಲಿ ಸೇರಿಲ್ಲ.

ಒಂದು ನೋಟ್‌ಬುಕ್ಕಿನ ಉಪಕಾರ

ಕಂಪ್ರೆಸರಿನ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ಕನ್ನು ತೂಗುಹಾಕಬೇಕು. ಅದರಲ್ಲಿ ದಿನಾಂಕ, ಚಾಲೂ ಮಾಡುವ ಮೊದಲಿನ ವೋಲ್ಟೇಜು, ಆಯಿಲು ಬದಲಿಸಿದ ದಿನ ಇವುಗಳ ಜೊತೆಗೆ, ವಾರಕ್ಕೊಮ್ಮೆ ಬರಿದಾದ ಟ್ಯಾಂಕು ನಿಗದಿತ ಒತ್ತಡಕ್ಕೆ ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಬರೆದಿಡಬೇಕು. ಈ ಕೊನೆಯ ಅಂಕಿಯು ಯಂತ್ರದ ತಾಳೆಪಟ್ಟಿ ಇದ್ದಂತೆ. ನಿಮಿಷಗಳು ಏರುತ್ತಾ ಹೋದರೆ ವಾಲ್ವು ಪ್ಲೇಟು, ಪಿಸ್ಟನ್ ರಿಂಗು ಸವೆದಿವೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಎಲ್ಲೋ ಸೋರಿಕೆ ಇದೆ ಎಂದರ್ಥ. ಯಂತ್ರವು ನಿಂತುಹೋಗುವ ತಿಂಗಳುಗಳ ಮೊದಲೇ ಅದು ಎಚ್ಚರಿಸುತ್ತದೆ.

ವೋಲ್ಟೇಜಿನ ದಾಖಲೆಯೂ ಉಪಯುಕ್ತ. ಗೋಕಾಕ, ಮೂಡಲಗಿಗಳಲ್ಲಿ ಹೆಸ್ಕಾಂ ವಿದ್ಯುತ್ ಪೂರೈಸಿದರೆ, ಹುಕ್ಕೇರಿ ತಾಲೂಕಿನ ಗ್ರಾಮೀಣ ಭಾಗಕ್ಕೆ 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಯಾರ ಬಳಿಗೆ ಹೋದರೂ ‘ಕರೆಂಟು ಸರಿಯಿಲ್ಲ’ ಎಂಬ ಬಾಯಿಮಾತಿಗಿಂತ ಮೂವತ್ತು ದಿನಗಳ ಅಂಕಿಗಳನ್ನು ಲಗತ್ತಿಸಿದ ಅರ್ಜಿಗೆ ಬೆಲೆ ಹೆಚ್ಚು. ಆದರೆ ಅರ್ಜಿ ಬರೆಯುವ ಮೊದಲು ಮೀಟರಿನ ಬಳಿಯ ವೋಲ್ಟೇಜನ್ನೂ, ಯಂತ್ರ ಎಳೆಯುವ ಕ್ಷಣದಲ್ಲಿ ಮೋಟಾರಿನ ಬಳಿಯ ವೋಲ್ಟೇಜನ್ನೂ ಎಲೆಕ್ಟ್ರೀಶಿಯನ್ನನಿಂದ ಅಳೆಯಿಸಿ ಹೋಲಿಸಬೇಕು. ವ್ಯತ್ಯಾಸ ದೊಡ್ಡದಿದ್ದರೆ ದೋಷ ನಮ್ಮದೇ ತಂತಿಯಲ್ಲಿದೆ.

ಕೊನೆಯ ಮಾತು

ಥಂಡಿಯನ್ನು ಶತ್ರುವೆಂದು ತಿಳಿಯಬೇಕಾಗಿಲ್ಲ. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿ ಸುಮಾರು 4 ಡಿಗ್ರಿ ತಂಪಾದರೆ ವಿದ್ಯುತ್ ಖರ್ಚು ಶೇ. 1ರಷ್ಟು ಇಳಿಯುತ್ತದೆ. ಮೊದಲ ಐದು ನಿಮಿಷ ಕಾಡುವ ಥಂಡಿಯೇ ಉಳಿದ ಹೊತ್ತು ಕರೆಂಟು ಬಿಲ್ಲಿನಲ್ಲಿ ಉಳಿತಾಯ ಮಾಡಿಕೊಡುತ್ತದೆ. ಆ ಐದು ನಿಮಿಷಗಳನ್ನು ಸಹನೆಯಿಂದ ದಾಟಿಸುವುದಷ್ಟೇ ನಮ್ಮ ಕೆಲಸ.

1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನಲ್ಲಿ ಗಿರಣಿಯ ಚಕ್ರ ತಿರುಗಿದ ನಾಡು ನಮ್ಮದು. ಯಂತ್ರವನ್ನು ಬಾಳಿಸುವ ಕಲೆ ನಮಗೆ ಹೊಸದಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಕೇಳುತ್ತಿದ್ದರು. ಸದಸ್ಯ ಬಾಂಧವರು ಈ ಹಂಗಾಮಿನಲ್ಲಿ ಹೊಸ ಯಂತ್ರದ ಕೊಟೇಶನ್ ತರಿಸುವ ಮೊದಲು ತಮ್ಮ ದುರಸ್ತಿ ಖಾತೆಯನ್ನು ಒಮ್ಮೆ ತಿಂಗಳುವಾರು ನೋಡಬೇಕು. ಅನಂತರ ಟ್ಯಾಂಕು ಬರಿದು ಮಾಡಿ, ಫ್ಯೂಜು ತೆಗೆದು, ಫ್ಲೈವೀಲಿಗೆ ಕೈ ಹಚ್ಚಿ ನೋಡಬೇಕು ಎಂಬುದು ನನ್ನ ವಿನಂತಿ.